ನೀರಿಗೆ ಬೆಳಕು ಹಿಡಿಸುವುದು ಗಾಳಿ

ಜಿನೀವಾ ಸರೋವರದ ಅಂಚಿನಲ್ಲಿ ಈಗ 140 ಮೀಟರ್ ಎತ್ತರಕ್ಕೆ ಚಿಮ್ಮುವ ಕಾರಂಜಿ ಹುಟ್ಟಿದ್ದು ಅಂದಕ್ಕಲ್ಲ, ಅಗತ್ಯಕ್ಕೆ. ರೋನ್ ನದಿ ಸರೋವರವನ್ನು ಬಿಟ್ಟು ಹೊರಡುವ ಜಾಗದಲ್ಲಿ 1886ರಲ್ಲಿ ಒಂದು ಜಲಶಕ್ತಿ ಸ್ಥಾವರ ಎದ್ದಿತು. ನದಿಯ ಬಲದಿಂದಲೇ ಪಂಪು ತಿರುಗಿಸಿ, ಒತ್ತಡ ತುಂಬಿದ ನೀರನ್ನು ಕೊಳವೆಗಳಲ್ಲಿ ಊರಿನ ಸಣ್ಣಪುಟ್ಟ ಕಾರ್ಖಾನೆಗಳಿಗೆ ಹಂಚುವುದು ಅದರ ಕೆಲಸ. ಕುಶಲಕರ್ಮಿಗಳು ಆ ನೀರಿನ ಒತ್ತಡದಿಂದ ತಮ್ಮ ಯಂತ್ರಗಳನ್ನು ಓಡಿಸುತ್ತಿದ್ದರು. ಸಂಜೆ ಅವರು ಒಬ್ಬೊಬ್ಬರಾಗಿ ಯಂತ್ರ ನಿಲ್ಲಿಸಿ ಮನೆಗೆ ಹೊರಟಾಗ ಬಳಸುವವರಿಲ್ಲದೆ ಕೊಳವೆಯೊಳಗೆ ಒತ್ತಡ ಏರಿಬಿಡುತ್ತಿತ್ತು. ಆ ಹೆಚ್ಚುವರಿ ಒತ್ತಡವನ್ನು ಹೊರಬಿಡಲು ಎಂಜಿನಿಯರುಗಳು ಒಂದು ಬಾಯಿ ಇಟ್ಟರು. ನೀರು ಆಕಾಶಕ್ಕೆ 30 ಮೀಟರ್ ನೆಗೆಯಿತು. ಅದು ಎದ್ದಿತೆಂದರೆ ಇವತ್ತಿನ ದುಡಿಮೆ ಮುಗಿಯಿತು ಎಂದು ಅರ್ಥ.

ಊರಿನವರಿಗೆ ಅದು ಎಷ್ಟು ಹಿಡಿಸಿತೆಂದರೆ, 1891ರಲ್ಲಿ ಕಾರಂಜಿಯನ್ನು ಎಲ್ಲರಿಗೂ ಕಾಣುವಂತೆ ಸರೋವರದ ಬಂದರಿಗೆ ತಂದು 90 ಮೀಟರ್‌ಗೆ ಏರಿಸಿದರು. ಇಂದಿನ ಪಂಪುಗಳು ಬಂದದ್ದು 1951ರಲ್ಲಿ. ಸೆಕೆಂಡಿಗೆ 500 ಲೀಟರ್ ನೀರು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಯಾವ ಕ್ಷಣದಲ್ಲಿ ನೋಡಿದರೂ ಸುಮಾರು 7 ಟನ್ ನೀರು ಗಾಳಿಯಲ್ಲಿ ನಿಂತಿರುತ್ತದೆ.

ಈ ಅಂಕಿಗಳನ್ನು ಪ್ರವಾಸಿಗರು ಕೇಳಿ ತಿಳಿದಿರುತ್ತಾರೆ. ನನ್ನನ್ನು ಹೆಚ್ಚು ಸೆಳೆದದ್ದು ಅದರ ಬಣ್ಣ. ಆ ನೀರಿನ ಕಂಬ ಹಾಲಿನಷ್ಟು ಬೆಳ್ಳಗಿದೆ. ಸರೋವರದ ನೀರಾದರೋ ತಿಳಿಯಾದದ್ದು, ಅದೇ ನೀರು ಮೇಲೆದ್ದು ಬೆಳ್ಳಗಾಗುತ್ತದೆ. ಅಲ್ಲಿನ ನಾಝಲ್ ಅನ್ನು ರೂಪಿಸಿರುವುದೇ ಹಾಗೆ. ಹೊರಡುವ ನೀರಿನೊಳಗೆ ಅದು ಕೋಟಿಗಟ್ಟಲೆ ಸಣ್ಣ ಗಾಳಿಗುಳ್ಳೆಗಳನ್ನು ಬೆರೆಸುತ್ತದೆ. ಆ ಗಾಳಿ ಇಲ್ಲದಿದ್ದರೆ ಜಿನೀವಾದ ಕಾರಂಜಿ ದೂರದಿಂದ ಅರ್ಧಕ್ಕರ್ಧ ಕಾಣಿಸುತ್ತಲೇ ಇರಲಿಲ್ಲ.

ಕಾರಂಜಿ ಎಂದರೆ ನೀರು ಮತ್ತು ದೀಪ ಎಂದೇ ನಾವು ಎಣಿಸುತ್ತೇವೆ. ಪಂಪು ಎಷ್ಟು ಅಶ್ವಶಕ್ತಿ, ದೀಪ ಎಷ್ಟು ವಾಟ್ ಎಂದು ಕೇಳುತ್ತೇವೆ. ಗಾಳಿಯ ಲೆಕ್ಕ ಯಾರೂ ಕೇಳುವುದಿಲ್ಲ. ಆದರೆ ಕಾರಂಜಿಯನ್ನು ಬಲ್ಲವರು ಮೊದಲು ಕೂರುವುದು ಗಾಳಿಯ ಲೆಕ್ಕಕ್ಕೆ. ನೀರಿನೊಳಗೆ ಎಷ್ಟು ಗಾಳಿ ಬೆರೆಸಬೇಕು, ಎಲ್ಲಿ ಒಂದು ಗುಳ್ಳೆಯೂ ಸೇರದಂತೆ ನೋಡಿಕೊಳ್ಳಬೇಕು, ಎಲ್ಲಿ ಗಾಳಿಯನ್ನೇ ಪಂಪಿನ ಜಾಗದಲ್ಲಿ ದುಡಿಸಬೇಕು, ಬೀಸುವ ಗಾಳಿಗೆ ಎಷ್ಟು ಜಾಗ ಬಿಡಬೇಕು. ಈ ನಾಲ್ಕು ತೀರ್ಮಾನವಾದ ಮೇಲೆ ಉಳಿದದ್ದು ಕೊಳಾಯಿ ಕೆಲಸ.

ಬಿಳುಪು ಎಲ್ಲಿಂದ ಬರುತ್ತದೆ

ತಿಳಿನೀರಿನ ಮೇಲೆ ನೇರವಾಗಿ ಬೆಳಕು ಬಿಟ್ಟರೆ ನೂರರಲ್ಲಿ ಎರಡು ಪಾಲು ಮಾತ್ರ ಹಿಂದಿರುಗುತ್ತದೆ. ಉಳಿದ 98 ಪಾಲು ಒಳಹೊಕ್ಕು ಆಚೆಗೆ ಹೋಗಿಬಿಡುತ್ತದೆ. ಅಂದರೆ ನೀರು ತಾನಾಗಿ ಬೆಳಕನ್ನು ಹಿಡಿದಿಟ್ಟುಕೊಳ್ಳುವ ವಸ್ತುವೇ ಅಲ್ಲ. ಬೆಳಕು ತಿರುಗುವುದು, ಚದುರುವುದು ನೀರು ಮತ್ತು ಗಾಳಿ ಸೇರುವ ಗಡಿಯಲ್ಲಿ. ಗಡಿ ಒಂದೇ ಇದ್ದರೆ ಎರಡು ಪಾಲು. ಅಂಥ ಗಡಿಗಳು ಸಾವಿರವಾದರೆ ಒಳಹೊಕ್ಕ ಬೆಳಕೆಲ್ಲ ಎಲ್ಲ ದಿಕ್ಕಿಗೂ ಚೆಲ್ಲಿ ಹೊರಬರುತ್ತದೆ. ಕಲ್ಲುಸಕ್ಕರೆಯ ಹರಳಿನಾಚೆ ಬೆರಳು ಕಾಣುತ್ತದೆ, ಅದನ್ನೇ ಕುಟ್ಟಿ ಪುಡಿ ಮಾಡಿದರೆ ಅಚ್ಚ ಬಿಳುಪು. ಬದಲಾಗಿದ್ದು ಸಕ್ಕರೆಯಲ್ಲ, ಹರಳುಗಳ ನಡುವೆ ಗಾಳಿ ಸೇರಿದೆ.

ನೊರೆ ಚಿಮ್ಮಿಸುವ ನಾಝಲ್ ಮಾಡುವುದೂ ಇದನ್ನೇ. ಕಿರಿದಾದ ದಾರಿಯಲ್ಲಿ ನೀರು ರಭಸದಿಂದ ಹಾಯುವಾಗ ಅದರ ಪಕ್ಕದ ಒತ್ತಡ ಇಳಿಯುತ್ತದೆ, ಬದಿಯ ತೂತುಗಳಿಂದ ಗಾಳಿ ತಾನೇ ಒಳನುಗ್ಗುತ್ತದೆ. ಪ್ರತ್ಯೇಕ ಯಂತ್ರ ಬೇಕಿಲ್ಲ. ಹೊರಬರುವ ಹೊತ್ತಿಗೆ ನೀರು ಉಬ್ಬಿ ತೋರವಾಗಿರುತ್ತದೆ, ಸ್ವಲ್ಪ ನೀರಿನಲ್ಲೇ ದೊಡ್ಡ ಕಂಬ ನಿಂತಂತೆ ಕಾಣುತ್ತದೆ. ಇದರ ದನಿಯೂ ಬೇರೆ. ತೆಳು ಧಾರೆ ಬಿದ್ದಾಗ ಟಪಟಪ ಎನ್ನುತ್ತದೆ, ನೊರೆಕಂಬ ಗಂಭೀರವಾಗಿ ಮೊರೆಯುತ್ತದೆ. ಬಸ್ಸು ಆಟೋಗಳ ಸದ್ದು ಮುಚ್ಚಬೇಕಾದ ವೃತ್ತಗಳಿಗೆ ನಾನು ಯಾವಾಗಲೂ ಇದನ್ನೇ ಶಿಫಾರಸು ಮಾಡುತ್ತೇನೆ.

ಇಂಥ ನಾಝಲ್‌ನಲ್ಲಿ ಎರಡು ಬಗೆ. ಒಂದು ಬಗೆ ಸುತ್ತಲಿನ ಕೊಳದ ನೀರನ್ನೂ ಗಾಳಿಯ ಜೊತೆ ಎಳೆದುಕೊಳ್ಳುತ್ತದೆ. ಅದಕ್ಕೆ ಕೊಳದ ಮಟ್ಟ ಒಂದೇ ಸಮ ಇರಬೇಕು. ಬೇಸಿಗೆಯಲ್ಲಿ ನೀರು ನಾಲ್ಕು ಬೆರಳು ಇಳಿಯಿತೆಂದರೆ ನೊರೆಯ ಆಕಾರವೇ ಕೆಡುತ್ತದೆ. ಇನ್ನೊಂದು ಬಗೆ ಮೇಲಿನ ಗಾಳಿಯನ್ನಷ್ಟೇ ನಂಬುತ್ತದೆ, ಮಟ್ಟದ ಹಂಗಿಲ್ಲ. ನಮ್ಮ ಕಡೆಯ ಉದ್ಯಾನಗಳಲ್ಲಿ ಎರಡನೆಯದೇ ವಾಸಿ.

ನೊರೆ ಬಂದ ಮೇಲೆ ದೀಪದ ಕೆಲಸ ಸುಲಭ. ಧಾರೆ ಹೊರಡುವ ಬಾಯಿಯ ಪಕ್ಕದಲ್ಲೇ, ನೀರಿನ ಕೆಳಗೆ, ಮೇಲ್ಮುಖವಾಗಿ ದೀಪ ಇಡಬೇಕು. ಬೆಳಕು ಕಂಬದೊಳಗೆ ಏರುತ್ತ, ಗುಳ್ಳೆಗುಳ್ಳೆಗೂ ತಾಗಿ ಚದುರುತ್ತ, ಕಂಬವನ್ನೇ ದೀಪವಾಗಿಸುತ್ತದೆ. ದೀಪವನ್ನು ಕೊಳದ ಅಂಚಿಗೆ ಒಯ್ದು ಓರೆಯಾಗಿ ಬಿಟ್ಟರೆ ಬೆಳಕಿನ ಬಹುಪಾಲು ನೀರನ್ನು ತಾಗದೆ ಎದುರಿಗೆ ಕೂತವರ ಕಣ್ಣಿಗೆ ಹೊಡೆಯುತ್ತದೆ.

ಗಾಳಿಯನ್ನು ಹೊರಗಿಟ್ಟಾಗ

ಇದಕ್ಕೆ ಪೂರ್ತಿ ವಿರುದ್ಧವಾದ ಬೆರಗು ಕೂಡ ಜಿನೀವಾದಲ್ಲೇ ಹುಟ್ಟಿತು. ಡೇನಿಯಲ್ ಕೊಲಾಡನ್ 1802ರಲ್ಲಿ ಆ ಊರಿನಲ್ಲಿ ಹುಟ್ಟಿದ ಭೌತವಿಜ್ಞಾನಿ. 1826ರಲ್ಲಿ ಗೆಳೆಯ ಸ್ಟರ್ಮ್ ಜೊತೆ ಸೇರಿ ಜಿನೀವಾ ಸರೋವರದಲ್ಲಿ ಗಂಟೆ ಮುಳುಗಿಸಿ ಬಾರಿಸಿ, ನೀರಿನಲ್ಲಿ ಶಬ್ದದ ವೇಗವನ್ನು ಅಳೆದವನು. 1841ರ ಸುಮಾರಿಗೆ ಅವನಿಗೆ ಒಂದು ಪಾಠದ ತೊಡಕು ಎದುರಾಯಿತು. ತೊಟ್ಟಿಯ ತೂತಿನಿಂದ ಹೊರಬೀಳುವ ನೀರಿನ ಧಾರೆ ಹೇಗೆ ಬಾಗುತ್ತದೆ, ಹೇಗೆ ಒಡೆಯುತ್ತದೆ ಎಂಬುದನ್ನು ಸಭೆಗೆ ತೋರಿಸಬೇಕು. ಧಾರೆ ಎಷ್ಟು ತಿಳಿಯಾಗಿತ್ತೆಂದರೆ ಹಿಂದೆ ಕೂತವರಿಗೆ ಕಾಣುತ್ತಲೇ ಇರಲಿಲ್ಲ. ತೊಟ್ಟಿಯ ಹಿಂಬದಿಯಲ್ಲಿ ಮಸೂರ ಇಟ್ಟು, ತೂತಿನ ಮೂಲಕವೇ ಬೆಳಕನ್ನು ಧಾರೆಯೊಳಗೆ ತೂರಿಸಿದ. ಬೆಳಕು ನೇರವಾಗಿ ಹೊರಗೆ ಹಾರಿಹೋಗಬೇಕಿತ್ತು, ಹೋಗಲಿಲ್ಲ. ನೀರು ಬಾಗಿದ ಹಾಗೆ ತಾನೂ ಬಾಗಿ, ಧಾರೆಯೊಳಗೇ ಸೆರೆಯಾಗಿ ಕೆಳಗಿನವರೆಗೂ ಇಳಿಯಿತು. ಧಾರೆ ಒಡೆದು ಹನಿಯಾಗುವ ಜಾಗದಲ್ಲಿ ಒಟ್ಟಿಗೆ ಚೆಲ್ಲಿಕೊಂಡಿತು.

ನೀರಿನೊಳಗಿಂದ ಗಾಳಿಯ ಗಡಿಗೆ ಬರುವ ಕಿರಣ ಸುಮಾರು 49 ಡಿಗ್ರಿಗಿಂತ ಹೆಚ್ಚು ಓರೆಯಾಗಿದ್ದರೆ ಹೊರಬರಲಾರದು, ಪೂರ್ತಿ ಒಳಕ್ಕೇ ತಿರುಗುತ್ತದೆ. ಗಡಿ ನುಣುಪಾಗಿರುವಷ್ಟು ದೂರ ಕಿರಣ ಪುಟಿಯುತ್ತ ಸಾಗುತ್ತದೆ. ಇವತ್ತು ನಮ್ಮ ಮನೆಗಳಿಗೆ ಇಂಟರ್ನೆಟ್ ತರುವ ಗಾಜಿನ ಎಳೆಯಲ್ಲಿ ನಡೆಯುವುದೂ ಇದೇ ಕ್ರಿಯೆ. ಕೊಲಾಡನ್ 1842ರಲ್ಲಿ ಇದನ್ನು ಪ್ರಕಟಿಸಿದ. ಅವನ ಪ್ರಯೋಗ ಮುಂದೆ ರಂಗಮಂದಿರಗಳ ಬೆರಗಾಯಿತು, 1889ರ ಪ್ಯಾರಿಸ್ ವಸ್ತುಪ್ರದರ್ಶನದ ಹೊತ್ತಿಗೆ ಬಣ್ಣಬಣ್ಣದ ಬೆಳಕಿನ ಕಾರಂಜಿಗಳನ್ನು ನೋಡಲು ಜನ ಮುಗಿಬೀಳುವಂತಾಯಿತು.

ಈ ಗಾಜಿನ ಸಲಾಕೆಯಂಥ ಧಾರೆಯನ್ನು ಕಾರಂಜಿಯವರು ಲ್ಯಾಮಿನಾರ್ ಜೆಟ್ ಎನ್ನುತ್ತಾರೆ. ಮಾಡುವುದು ಕಷ್ಟದ ಕೆಲಸ. ಪಂಪಿನಿಂದ ಬರುವ ನೀರು ಒಳಗೊಳಗೇ ಸುಳಿದಾಡುತ್ತಿರುತ್ತದೆ. ಅದನ್ನು ಅಗಲವಾದ ಪಾತ್ರೆಗೆ ಬಿಟ್ಟು ನಿಧಾನಿಸಿ, ಸ್ಪಂಜು, ಜಾಲರಿ, ಒತ್ತಾಗಿ ಜೋಡಿಸಿದ ಸಣ್ಣ ನಳಿಕೆಗಳ ಕಟ್ಟು ಇವುಗಳ ಮೂಲಕ ಹಾಯಿಸಿ ಸುಳಿಗಳನ್ನೆಲ್ಲ ಕೊಲ್ಲಬೇಕು. ಕೊನೆಯಲ್ಲಿ ಚೂಪು ಅಂಚಿನ ತೂತಿನಿಂದ ಹೊರಬಿಡಬೇಕು. ಆ ಅಂಚಿನಲ್ಲಿ ಕೂದಲೆಳೆಯಷ್ಟು ಗೀರು ಇದ್ದರೂ ಧಾರೆ ಕಲಕುತ್ತದೆ. ಒಳಗೆ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೆ ಧಾರೆ ಕೆಮ್ಮುತ್ತದೆ. ಎಲ್ಲ ಸರಿಯಾದರೆ ಚಲಿಸುತ್ತಿದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ನಿಶ್ಚಲವಾದ ಕಮಾನು ನಿಲ್ಲುತ್ತದೆ. ಹಿಂಬದಿಯಿಂದ ಬೆಳಕು ಬಿಟ್ಟರೆ ತುದಿಯವರೆಗೂ ಹೊತ್ತು ಸಾಗಿಸುತ್ತದೆ.

ಅಮೆರಿಕದ ಮಾರ್ಕ್ ಫುಲ್ಲರ್ ಓದುವ ದಿನಗಳಲ್ಲೇ ಈ ಧಾರೆಯ ಬೆನ್ನು ಹತ್ತಿದವನು. ಆಮೇಲೆ ಡಿಸ್ನಿ ಸಂಸ್ಥೆಯಲ್ಲಿದ್ದಾಗ ಫ್ಲಾರಿಡಾದ ಎಪ್ಕಾಟ್ ಉದ್ಯಾನಕ್ಕೆ ಕಪ್ಪೆ ನೆಗೆತದಂಥ ಕಾರಂಜಿ ರೂಪಿಸಿದ. ಧಾರೆಯ ಬಾಯಲ್ಲಿ ಹರಿವನ್ನು ಕ್ಷಣಕ್ಷಣಕ್ಕೆ ಕತ್ತರಿಸಿದರೆ ಗಾಜಿನ ತುಂಡಿನಂಥ ನೀರು ಒಂದು ಕುಂಡದಿಂದ ಇನ್ನೊಂದಕ್ಕೆ ನೆಗೆಯುತ್ತದೆ. ಮಕ್ಕಳು ಅದನ್ನು ಹಿಡಿಯಲು ಓಡಾಡುತ್ತಾರೆ. 1983ರಲ್ಲಿ ಅವನು ಜೊತೆಗಾರರೊಂದಿಗೆ ಕಟ್ಟಿದ ವೆಟ್ ಎಂಬ ಸಂಸ್ಥೆ ಈ ಕಸುಬಿನ ನಕ್ಷೆಯನ್ನೇ ಬದಲಿಸಿತು.

ದೀಪ ಹಿಂದಿರಬೇಕು

ವಿಜ್ಞಾನದ ಸೂತ್ರ ಬರುವ ಮೊದಲೇ ತೋಟಗಾರರಿಗೆ ಗೊತ್ತಿದ್ದ ಸಂಗತಿ ಒಂದಿದೆ. ಜಹಾಂಗೀರ್ 1619ರಲ್ಲಿ ಕಾಶ್ಮೀರದಲ್ಲಿ ಮಾಡಿಸಿದ ಶಾಲಿಮಾರ್ ಬಾಗ್‌ನಲ್ಲಿ ನೀರು ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಪರದೆಯಂತೆ ಇಳಿಯುವ ಕಡೆ, ಪರದೆಯ ಹಿಂದಿನ ಗೋಡೆಯಲ್ಲಿ ಸಾಲುಸಾಲು ಗೂಡುಗಳಿವೆ. ಚೀನೀಖಾನಾ ಎಂದು ಅವುಗಳ ಹೆಸರು. ಹಗಲು ಅವುಗಳಲ್ಲಿ ಹೂದಾನಿ, ರಾತ್ರಿ ದೀಪ. ನೋಡುವವನು, ನೀರು, ದೀಪ ಎಂಬ ಕ್ರಮ ಅದು.

ಅದೇ ಕ್ರಮ ಸರಿ ಎಂದು ಇವತ್ತಿನ ಅಳತೆಗಳೂ ಹೇಳುತ್ತವೆ. ನೀರಿನ ಹನಿ ತನ್ನ ಮೇಲೆ ಬಿದ್ದ ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚೆಲ್ಲುತ್ತದೆ, ಹಿಂದಕ್ಕೆ ಕೊಡುವುದು ಅತ್ಯಲ್ಪ. ಮಳೆಯಲ್ಲಿ ಎದುರಿನ ಲಾರಿಯ ಹೆಡ್‌ಲೈಟಿಗೆ ಹನಿಗಳು ಮಿನುಗುತ್ತವೆ, ನಮ್ಮದೇ ದೀಪದಲ್ಲಿ ಅಷ್ಟು ಮಿನುಗುವುದಿಲ್ಲ. ನೋಡುವವರ ಬೆನ್ನ ಹಿಂದಿನ ಕಂಬದಿಂದ ಕಾರಂಜಿಗೆ ಬೆಳಕು ಹೊಡೆಯುವುದು ವಿದ್ಯುತ್ ಸುರಿದು ಮಂಕು ಕೊಳ್ಳುವ ಕೆಲಸ.

ಶಾಲಿಮಾರ್ ನಮಗೆ ದೂರದ್ದಲ್ಲ. ಸರ್ ಮಿರ್ಜಾ ಇಸ್ಮಾಯಿಲ್ ಮೈಸೂರಿನ ದಿವಾನರಾಗಿದ್ದಾಗ ಕನ್ನಂಬಾಡಿ ಕಟ್ಟೆಯ ಬುಡದಲ್ಲಿ ಎದ್ದ ಬೃಂದಾವನಕ್ಕೆ ಆ ಕಾಶ್ಮೀರದ ತೋಟವೇ ಮಾದರಿ. 1927ರಲ್ಲಿ ಶುರುವಾದ ಕೆಲಸ 1932ರಲ್ಲಿ ಮುಗಿಯಿತು. ವಿನ್ಯಾಸ ಲಾಲ್‌ಬಾಗ್‌ನ ಜಿ.ಎಚ್. ಕೃಂಬಿಗಲ್ ಅವರದು. ಹಂತಹಂತವಾಗಿ ಇಳಿಯುವ ತೋಟ, ನಡುವೆ ನೇರ ಕಾಲುವೆ, ಅದರುದ್ದಕ್ಕೂ ಕಾರಂಜಿ, ಕಾರಂಜಿಗೆ ಬಣ್ಣದ ದೀಪ. ಮೊಘಲರ ಎಣ್ಣೆದೀಪದ ಜಾಗಕ್ಕೆ ಇಲ್ಲಿ ವಿದ್ಯುತ್ತು ಬಂತು. ಆ ವಿದ್ಯುತ್ತಿಗೂ ಕಾವೇರಿಗೂ ಹಳೆಯ ನಂಟು. 1902ರಿಂದ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟುತ್ತಿತ್ತು, ಬೇಸಿಗೆಯಲ್ಲೂ ಅಲ್ಲಿಗೆ ನೀರು ತಪ್ಪದಿರಲಿ ಎಂಬುದು ಕನ್ನಂಬಾಡಿ ಕಟ್ಟುವುದಕ್ಕಿದ್ದ ಕಾರಣಗಳಲ್ಲಿ ಒಂದು. ಎಷ್ಟೋ ಕನ್ನಡ ಚಿತ್ರಗಳ ಯುಗಳಗೀತೆಗಳು ಈ ಕಾರಂಜಿಗಳ ನಡುವೆಯೇ ನಡೆದವು. ನಮ್ಮಲ್ಲಿ ಹಲವರಿಗೆ ಬೆಳಕಿನ ಕಾರಂಜಿಯ ಮೊದಲ ಪರಿಚಯ ಶಾಲೆಯ ಪ್ರವಾಸದಲ್ಲಿ ಆದದ್ದೂ ಅಲ್ಲೇ.

ರಾಜಸ್ಥಾನದ ಡೀಗ್ ಅರಮನೆಯವರು ಬೇರೆಯೇ ದಾರಿ ಹಿಡಿದಿದ್ದರು. ಮೇಲಿನ ದೊಡ್ಡ ತೊಟ್ಟಿಯಿಂದ ಹೊರಡುವ ಒಂದೊಂದು ಕೊಳವೆಯ ಬಾಯಿಗೂ ಬಣ್ಣದ ಪುಡಿ ಕಟ್ಟಿದ ಬಟ್ಟೆಯ ಗಂಟು ಇಡುತ್ತಿದ್ದರು. ಹಬ್ಬದ ದಿನ ಕೆಂಪು, ಹಸಿರು ನೀರೇ ಚಿಮ್ಮುತ್ತಿತ್ತು. ಹಗಲಿನ ಕಾರಂಜಿಗೆ ಬಣ್ಣ ಕೊಡುವ ಇನ್ನೊಂದು ಉಪಾಯಕ್ಕೆ ಪುಡಿಯೂ ಬೇಡ, ದೀಪವೂ ಬೇಡ. ಸೂರ್ಯನಿಗೆ ಬೆನ್ನು ಮಾಡಿ ನಿಂತವನಿಗೆ ಹನಿಗಳಲ್ಲಿ 42 ಡಿಗ್ರಿಯ ಕೋನದಲ್ಲಿ ಕಾಮನಬಿಲ್ಲು ಕಾಣುತ್ತದೆ. ಹಾಗಾಗಿ ಸಂಜೆ ಜನ ಸೇರುವ ತೋಟವಾದರೆ ನಡೆದಾಡುವ ದಾರಿ ಕಾರಂಜಿಯ ಪಡುವಣ ಬದಿಗಿರಬೇಕು, ಒಂದೆರಡು ನಾಝಲ್ ಸಣ್ಣ ತುಂತುರಿನವಾಗಿರಬೇಕು. ಖರ್ಚಿಲ್ಲದ ಈ ಕಾಮನಬಿಲ್ಲನ್ನು ನಕ್ಷೆ ಬರೆಯುವಾಗ ಮರೆತುಬಿಡುವುದು ನನಗೆ ನಿಜಕ್ಕೂ ನೋವು ತರುತ್ತದೆ.

ಎತ್ತರದ ಬೆಲೆ

ಪಂಪು ಇಲ್ಲದ ಕಾಲದಲ್ಲಿ ಕಾರಂಜಿಯ ಎತ್ತರವನ್ನು ತೀರ್ಮಾನಿಸುತ್ತಿದ್ದದ್ದು ತೊಟ್ಟಿಯ ಎತ್ತರ. ನೀರು ಎಷ್ಟು ಮೇಲಿನಿಂದ ಇಳಿದು ಬಂದಿದೆಯೋ ಹೆಚ್ಚೆಂದರೆ ಅಷ್ಟೇ ಎತ್ತರಕ್ಕೆ ಚಿಮ್ಮೀತು. ಕೊಳವೆಯ ಉಜ್ಜಾಟ, ಗಾಳಿಯ ತಡೆ ಅದರಲ್ಲೂ ಪಾಲು ಕೇಳುತ್ತವೆ. ವಿಜಯಪುರದ ಹತ್ತಿರದ ಕುಮಟಗಿಯಲ್ಲಿ ಆದಿಲ್‌ಶಾಹಿಗಳು ಕಟ್ಟಿಸಿದ ಕೆರೆಯಂಚಿನ ಮಂಟಪಗಳಲ್ಲಿ ಈ ಲೆಕ್ಕ ಕಲ್ಲುಗಾರೆಯಲ್ಲೇ ಕಾಣುತ್ತದೆ. ನೀರನ್ನು ಗೋಪುರದ ಮೇಲಿನ ತೊಟ್ಟಿಗೆ ಏರಿಸಿ, ಗೋಡೆಯೊಳಗಿನ ಕೊಳವೆಗಳಲ್ಲಿ ಇಳಿಸಿ, ಛಾವಣಿಯಿಂದ ತುಂತುರಾಗಿಯೂ ಕೊಳದಲ್ಲಿ ಕಾರಂಜಿಯಾಗಿಯೂ ಹೊರಬಿಡುತ್ತಿದ್ದರು. ರಷ್ಯದ ಪೀಟರ್‌ಹಾಫ್ ಅರಮನೆಯ ಹೆಸರಾಂತ ಕಾರಂಜಿಗಳು ಇವತ್ತಿಗೂ ಪಂಪಿಲ್ಲದೆ, ದೂರದ ದಿಬ್ಬದಿಂದ ಕಾಲುವೆಯಲ್ಲಿ ಬರುವ ನೀರಿನ ಬಲದಲ್ಲೇ ಓಡುತ್ತವೆ. ಕನ್ನಂಬಾಡಿ ಕಟ್ಟೆಯ ಮಟ್ಟ 124.80 ಅಡಿ ಮುಟ್ಟಿತೆಂಬ ಸುದ್ದಿಯನ್ನು ನಾವು ರೈತರ ಕಣ್ಣಿನಿಂದ ಓದುತ್ತೇವೆ. ಕಾರಂಜಿಯವನ ಕಣ್ಣಿಗೆ ಅದು ಬುಡದ ತೋಟಕ್ಕೆ ಸಿಕ್ಕಿದ ಪುಕ್ಕಟೆ ಒತ್ತಡ.

ಪಂಪಿನಿಂದ ಏರಿಸುವುದಾದರೆ ಎತ್ತರ ಬಲು ದುಬಾರಿ. ಅದೇ ನಾಝಲ್‌ನಲ್ಲಿ ಎತ್ತರವನ್ನು ಇಮ್ಮಡಿ ಮಾಡಬೇಕೆಂದರೆ ಒತ್ತಡವೂ ಇಮ್ಮಡಿಯಾಗಬೇಕು, ಹರಿವೂ ಒಂದೂವರೆ ಪಟ್ಟಿನ ಹತ್ತಿರ ಏರುತ್ತದೆ. ಒಟ್ಟು ವಿದ್ಯುತ್ತು ಸುಮಾರು 2.8 ಪಟ್ಟು. ಜಿನೀವಾದ ಎರಡು ಪಂಪುಗಳು ಸೇರಿ ಒಂದು ಮೆಗಾವಾಟ್ ತಿನ್ನುತ್ತವೆ. ಗಂಟೆಗೆ 200 ಕಿಲೋಮೀಟರ್ ವೇಗದ ನೀರು ಗಾಳಿಯ ತಡೆ ಇಲ್ಲದಿದ್ದರೆ ಸುಮಾರು 157 ಮೀಟರ್ ಏರಬೇಕಿತ್ತು. 140ಕ್ಕೇ ನಿಲ್ಲುತ್ತದೆ. ಮಿಕ್ಕ ಎತ್ತರವನ್ನು ಗಾಳಿ ಕಿತ್ತುಕೊಂಡಿದೆ.

ಗಾಳಿಯೇ ಪಂಪು

ಕಿತ್ತುಕೊಳ್ಳುವ ಗಾಳಿಯನ್ನೇ ದುಡಿಸಿಕೊಂಡ ಜಾಣ್ಮೆ ಕಾಣಬೇಕಾದರೆ ಲಾಸ್ ವೇಗಸ್‌ಗೆ ಬರಬೇಕು. ಬೆಲ್ಲಾಜಿಯೊ ಹೋಟೆಲಿನ ಮುಂದಿನ ಎಂಟೂವರೆ ಎಕರೆ ಕೊಳದ ಕಾರಂಜಿ 1998ರಲ್ಲಿ ಶುರುವಾಯಿತು. ರೂಪಿಸಿದ್ದು ಫುಲ್ಲರನ ಸಂಸ್ಥೆ. ಸಾವಿರಕ್ಕೂ ಹೆಚ್ಚು ನಾಝಲ್‌ಗಳಲ್ಲಿ 208 ಮಾತ್ರ ಕತ್ತು ಹೊರಳಿಸಿ ಕುಣಿಯುವಂಥವು, ಅವನ್ನು ಅಂಬಿಗರು ಎನ್ನುತ್ತಾರೆ. ಮಿಕ್ಕವುಗಳಲ್ಲಿ ಹೆಚ್ಚಿನವು ಶೂಟರ್‌ಗಳು, ಗಾಳಿಯಿಂದ ನೀರು ಹೊಡೆಯುವ ಕೊಳವೆಗಳು.

ಶೂಟರ್‌ನ ರಚನೆ ಸರಳ. ನೀರಿನಡಿ ಒಂದು ಕೋಣೆ, ಅದರಿಂದ ಮೇಲಕ್ಕೆ ನಳಿಗೆ. ಕೋಣೆಗೆ ಕೊಳದ ನೀರು ಒಮ್ಮುಖ ಕವಾಟದಿಂದ ತಾನೇ ತುಂಬಿಕೊಳ್ಳುತ್ತದೆ. ಪಕ್ಕದ ಸಿಲಿಂಡರಿನಲ್ಲಿ ಕಂಪ್ರೆಸರ್ ಗಾಳಿಯನ್ನು ಒತ್ತಿ ಇಟ್ಟಿರುತ್ತದೆ. ಸೊಲೆನಾಯ್ಡ್ ವಾಲ್ವ್ ತೆರೆದ ಕ್ಷಣ ಗಾಳಿ ಕೋಣೆಗೆ ನುಗ್ಗುತ್ತದೆ, ಒಮ್ಮುಖ ಕವಾಟ ಮುಚ್ಚಿಕೊಳ್ಳುತ್ತದೆ, ಒಳಗಿನ ನೀರಿಗೆ ಮೇಲಿನ ದಾರಿಯೊಂದೇ ಉಳಿಯುತ್ತದೆ. ದಢ್ ಎಂಬ ಸದ್ದಿನೊಂದಿಗೆ ನೀರು ಹಾರುತ್ತದೆ. ದೊಡ್ಡವು 140 ಮೀಟರ್‌ವರೆಗೆ ಎಸೆಯುತ್ತವೆ.

ಲೆಕ್ಕ ಹಾಕಿ ನೋಡಿದರೆ ಇದರ ಸೊಗಸು ತಿಳಿಯುತ್ತದೆ. ನೂರು ಲೀಟರ್ ನೀರನ್ನು 30 ಮೀಟರ್ ಎತ್ತರಕ್ಕೆ ಅರ್ಧ ಸೆಕೆಂಡಿನಲ್ಲಿ ಎಸೆಯಬೇಕೆಂದರೆ, ನಷ್ಟವೆಲ್ಲ ಬಿಟ್ಟರೂ, ಸುಮಾರು 60 ಕಿಲೋವಾಟ್ ಪಂಪು ಬೇಕು. ಅದೇ ಶಕ್ತಿಯನ್ನು ಅರ್ಧ ನಿಮಿಷ ಕೂಡಿಸಿಟ್ಟು ಒಮ್ಮೆಲೇ ಬಿಟ್ಟರೆ ಒಂದು ಕಿಲೋವಾಟ್‌ನಲ್ಲೇ ಆಗುತ್ತದೆ. ಕಂಪ್ರೆಸರ್‌ನಲ್ಲಿ ಬಿಸಿಯಾಗಿ ಹಾಳಾಗುವ ಪಾಲು ಸೇರಿಸಿಕೊಂಡರೂ ಅಂತರ ದೊಡ್ಡದು. ಪಂಪಿಗೆ ಹಠಾತ್ತನೆ ನಿಲ್ಲುವುದೂ ಬಾರದು, ವಾಲ್ವ್ ಮುಚ್ಚಿದರೆ ಕೊಳವೆ ಗುದ್ದಿಕೊಳ್ಳುತ್ತದೆ. ಗಾಳಿ ಗುಂಡಿಯ ಒಂದೇ ಒತ್ತಿಗೆ ಹೊರಟು, ಒಂದೇ ಒತ್ತಿಗೆ ನಿಲ್ಲುತ್ತದೆ. ನೀರಿಗೆ ತಾಳ ಕಲಿಸಿದ್ದು ಹೀಗೆ.

ಮರುಭೂಮಿಯಲ್ಲಿ ಇಷ್ಟು ನೀರೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಆ ಜಾಗದಲ್ಲಿ ಮೊದಲು ಗಾಲ್ಫ್ ಮೈದಾನವಿತ್ತು, ಅದರ ಹುಲ್ಲಿಗೆಂದು ಕೊರೆಸಿದ್ದ ಬಾವಿಯೇ ಈಗ ಕೊಳವನ್ನು ತುಂಬಿಸುತ್ತದೆ. ಹುಲ್ಲು ಕುಡಿಯುತ್ತಿದ್ದುದಕ್ಕಿಂತ ಕೊಳಕ್ಕೆ ಕಡಿಮೆಯೇ ಬೇಕಾಗುತ್ತದೆ. ನನಗೆ ಇದು ಪೂರ್ತಿ ಸಮಾಧಾನ ಕೊಡುವ ಉತ್ತರವಲ್ಲ. ಆದರೂ ಕಾರಂಜಿಯ ನೀರನ್ನು ಸುತ್ತುವ ಲೀಟರಿನಿಂದ ಅಳೆಯಬಾರದು, ಆವಿಯಾಗಿ, ಹಾರಿ ಹೋಗುವ ಲೀಟರಿನಿಂದ ಅಳೆಯಬೇಕು ಎಂಬುದನ್ನು ಇದು ತೋರಿಸುತ್ತದೆ.

ತಾಳಕ್ಕೆ ಮೊದಲೇ ಹೊರಡುವ ನೀರು

ಬರ್ಲಿನ್ನಿನ ಓಟ್ಟೊ ಪ್ರಿಸ್ಟಾವಿಕ್ ಕುಣಿಯುವ ನೀರನ್ನು ರೂಪಿಸಿದಾಗ ಕಂಪ್ಯೂಟರ್ ಇರಲಿಲ್ಲ. 1953ರಲ್ಲಿ ಅವನ ಕಾರಂಜಿ ನ್ಯೂಯಾರ್ಕಿನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ನ ವೇದಿಕೆ ಏರಿತು. ಸಂಗೀತ ಕೇಳುತ್ತ ಕೈಯಿಂದಲೇ ಧಾರೆಗಳನ್ನು ಏರಿಸಿ ಇಳಿಸಿ ನುಡಿಸುವ ವಾದ್ಯ ಅದು. ಇಂದು ಆ ಕೈಯ ಕೆಲಸ ತಂತ್ರಾಂಶಕ್ಕೆ ಬಂದಿದೆ, ತೊಡಕು ಮಾತ್ರ ಹಳೆಯದೇ. ಬೆಳಕು ಆ ಕ್ಷಣವೇ ಹೊತ್ತುತ್ತದೆ. ನೀರಿಗೆ 20 ಮೀಟರ್ ಏರಲು ಎರಡು ಸೆಕೆಂಡ್ ಬೇಕು, ನೂರು ಮೀಟರ್‌ಗೆ ನಾಲ್ಕೂವರೆ. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಎರಡು ಸೆಕೆಂಡ್ ಎಂದರೆ ನಾಲ್ಕು ಪೆಟ್ಟು. ತಾಳದ ಸಮ ಬೀಳುವಾಗ ಧಾರೆ ತುದಿ ಮುಟ್ಟಿರಬೇಕೆಂದರೆ ನಾಲ್ಕು ಪೆಟ್ಟು ಮೊದಲೇ ವಾಲ್ವ್ ತೆರೆದಿರಬೇಕು. ಬೇರೆ ಬೇರೆ ಎತ್ತರದ ಧಾರೆಗಳಿಗೆ ಬೇರೆ ಬೇರೆ ಮುಂಗಡ. ಹಾಡಿನ ಶಬ್ದದ ಏರಿಳಿತಕ್ಕೆ ಪಂಪನ್ನು ನೇರ ಜೋಡಿಸಿಬಿಡುವ ಅಗ್ಗದ ಸಂಗೀತ ಕಾರಂಜಿಗಳಲ್ಲಿ ಈ ಮುಂಗಡವೇ ಇಲ್ಲ. ಆದ್ದರಿಂದಲೇ ಅಲ್ಲಿ ನೀರು ಹಾಡಿನ ಹಿಂದೆ ಏದುಸಿರು ಬಿಡುತ್ತ ಓಡುತ್ತದೆ.

ಹಾಗೆಂದು ನೀರಿಗೆ ಕಿವಿ ಇಲ್ಲವೆಂದಲ್ಲ, ಅದರ ಕಿವಿ ತುಂಬ ಸೂಕ್ಷ್ಮ. 1833ರಲ್ಲಿ ಫ್ರಾನ್ಸಿನ ಫೆಲಿಕ್ಸ್ ಸವಾರ್ ತೆಳು ಧಾರೆಗಳು ಹನಿಯಾಗಿ ಒಡೆಯುವುದನ್ನು ಗಮನಿಸುತ್ತಿದ್ದಾಗ, ಹತ್ತಿರದಲ್ಲಿ ವಾದ್ಯದ ಸ್ವರ ಹೊರಟರೆ ಧಾರೆ ಒಡೆಯುವ ಬಗೆಯೇ ಬದಲಾಗುವುದನ್ನು ಕಂಡ. ಅವನು ಪಿಟೀಲಿನ ರಚನೆಯನ್ನೂ ಅಭ್ಯಾಸ ಮಾಡಿದವನು.

ಬೀಸುವ ಗಾಳಿ

ಕಾರಂಜಿ ಎಷ್ಟು ಎತ್ತರವೋ ಕೊಳದ ಅಂಚು ಅಷ್ಟು ದೂರವಿರಬೇಕು ಎಂಬುದು ಕಸುಬಿನವರ ಹಳೆಯ ಲೆಕ್ಕ. ಮೂರು ಮೀಟರ್ ಧಾರೆಗೆ ಸುತ್ತಲೂ ಮೂರು ಮೀಟರ್. ಗಾಳಿ ಹೆಚ್ಚಿರುವ ಊರಿನಲ್ಲಿ ಇನ್ನೂ ಜಾಸ್ತಿ. ಆಷಾಢದ ಗಾಳಿ ಬೀಸುವ ಬಯಲುಸೀಮೆಯಲ್ಲಿ ಇದನ್ನು ಮೀರಿದರೆ ಹಾಡಿಗಿಂತ ಮೊದಲು ಜನರ ಬಟ್ಟೆ ನೆನೆಯುತ್ತದೆ, ಕೊಳವೂ ಬರಿದಾಗುತ್ತದೆ. ಕಂಬದ ಮೇಲೊಂದು ಗಾಳಿಮಾಪಕ ಇಟ್ಟು, ಗಾಳಿ ಏರಿದಂತೆ ಪಂಪಿನ ವೇಗ ತಾನೇ ಇಳಿಯುವಂತೆ ಮಾಡಬೇಕು. ಜಿನೀವಾದಲ್ಲಿ ಬಿರುಗಾಳಿ ಎದ್ದರೆ ಕಾರಂಜಿ ನಿಲ್ಲಿಸಿಯೇಬಿಡುತ್ತಾರೆ.

ಮಂಜಿನಷ್ಟು ಸಣ್ಣ ತುಂತುರಿಗೆ ಬೇರೊಂದು ಎಚ್ಚರ ಬೇಕು. ಲೇಸರ್ ಕಿರಣ ಕಾಣಲು, ಚಿತ್ರ ಮೂಡಿಸಲು ಆ ಮಂಜು ಅದ್ಭುತ. ಆದರೆ ಅಷ್ಟು ಸಣ್ಣ ಹನಿ ಉಸಿರಿನ ಜೊತೆ ಎದೆಗೂಡಿನ ಆಳಕ್ಕೆ ಇಳಿಯುತ್ತದೆ. ಬೆಚ್ಚಗಿನ ನಿಂತ ನೀರಿನಲ್ಲಿ ಬೆಳೆಯುವ ಲೀಜಿಯನೆಲ್ಲಾ ಎಂಬ ಬ್ಯಾಕ್ಟೀರಿಯಾ ಹೀಗೇ ಒಳಸೇರಿ ನ್ಯುಮೋನಿಯಾ ತರುತ್ತದೆ. ಕ್ಲೋರಿನ್ ಅಳತೆ ತಪ್ಪದೆ ನೋಡುವ ಆಳು ಇಲ್ಲದ ಊರಿನಲ್ಲಿ ಮಂಜಿನ ಆಸೆ ಬೇಡ, ದಪ್ಪ ಹನಿಯ ನೊರೆಕಂಬವೇ ಸಾಕು. ದೀಪಗಳು 12 ಅಥವಾ 24 ವೋಲ್ಟಿನವೇ ಆಗಿರಬೇಕು, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಇಎಲ್‌ಸಿಬಿ ಸರ್ಕ್ಯೂಟಿಗೆ ಇರಲೇಬೇಕು. ಮಕ್ಕಳು ಕೈ ಅದ್ದುವ ನೀರು ಅದು.

ನಮ್ಮೂರಿನ ವೃತ್ತಕ್ಕೆ

ನಮ್ಮ ಸಣ್ಣ ಊರುಗಳ ಕಾರಂಜಿಗಳು ಉದ್ಘಾಟನೆಯ ಮರುವರ್ಷವೇ ಒಣಗುವುದನ್ನು ಕಂಡು ಬೇಸರವಾಗುತ್ತದೆ. ಕಾರಣ ಹಲವು ಸಲ ಬೋರ್‌ವೆಲ್ಲಿನ ಗಡಸು ನೀರು. ಸುಣ್ಣದ ಪದರ ಮೊದಲು ನಾಝಲ್‌ನ ಗಾಳಿತೂತು ಮುಚ್ಚುತ್ತದೆ, ನೊರೆ ಸಾಯುತ್ತದೆ. ಆಮೇಲೆ ದೀಪದ ಗಾಜಿನ ಮೇಲೆ ಕೂತು ಬೆಳಕು ಸಾಯುತ್ತದೆ. ಛಾವಣಿಯ ಮಳೆನೀರನ್ನು ಕೊಳಕ್ಕೆ ತಿರುಗಿಸಿದರೆ ಈ ಕಾಟ ಬಹಳ ಇಳಿಯುತ್ತದೆ. ವಾರಕ್ಕೊಮ್ಮೆ ನಾಝಲ್ ಬಿಚ್ಚಿ ತೊಳೆಯುವ ಒಬ್ಬ ಮನುಷ್ಯನ ಸಂಬಳವನ್ನು ಟೆಂಡರಿನಲ್ಲೇ ಬರೆಯಬೇಕು.

ಬಣ್ಣದ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ರುಚಿಸಲಾರದು. ಎಲ್‌ಇಡಿ ಬಂದ ಮೇಲೆ ಲಕ್ಷ ಬಣ್ಣ ಕೈಗೆ ಸಿಕ್ಕಿವೆ, ಲಕ್ಷವನ್ನೂ ಒಂದೇ ಹಾಡಿನಲ್ಲಿ ಬಳಸುತ್ತೇವೆ. ಪಕ್ಕಪಕ್ಕದ ಕೆಂಪು, ಹಸಿರು, ನೀಲಿ ಒಂದೇ ತುಂತುರಿನಲ್ಲಿ ಬೆರೆತರೆ ಸಿಗುವುದು ಸಪ್ಪೆ ಬಿಳುಪು. ನೊರೆಗೆ ಒಂದೇ ಬಣ್ಣ ಕೊಟ್ಟು, ಅದನ್ನು ನಿಧಾನವಾಗಿ ಮಾಗಿಸಿ ಮುಂದಿನ ಬಣ್ಣಕ್ಕೆ ಒಯ್ದರೆ ನೀರಿನ ಮೈಕಟ್ಟು ಕಾಣುತ್ತದೆ.

ಆರು ಮೀಟರ್ ಅಗಲದ ಕೊಳ, ನಡುವೆ ಮೂರು ಮೀಟರ್ ಮೀರದ ಒಂದು ನೊರೆಕಂಬ, ಸುತ್ತ ಅದರ ಅರ್ಧ ಎತ್ತರದ ಆರು, ಒಂದೊಂದರ ಬುಡಕ್ಕೂ ಒಂದು ದೀಪ. ತಾಲ್ಲೂಕು ಕೇಂದ್ರದ ವೃತ್ತಕ್ಕೆ ಇಷ್ಟು ಧಾರಾಳ. ಎತ್ತರ ಅರ್ಧಕ್ಕೆ ಇಳಿಸಿದ ನಾಝಲ್‌ಗಳಿಗೆ ವಿದ್ಯುತ್ತು ಮೂರರಲ್ಲಿ ಒಂದು ಪಾಲಿನಷ್ಟು ಸಾಕು, ಪುರಸಭೆಗೆ ಬಿಲ್ಲೂ ಹಗುರ. ಹಿನ್ನೆಲೆಗೆ ಬಿಳಿ ಗೋಡೆ ಬೇಡ, ದಟ್ಟ ಹಸಿರಿನ ಗಿಡದ ಬೇಲಿ ಇರಲಿ. ಇನ್ನು ವೃತ್ತದ ನಡುವೆಯೇ ನೆಟ್ಟಿರುವ ಹೈಮಾಸ್ಟ್ ದೀಪ: ಅದರ ಬೆಳಕಿನ ಕೆಳಗೆ ಯಾವ ಕಾರಂಜಿಯೂ ಬೆಳಗಲಾರದು. ಕಾರಂಜಿ ಓಡುವ ಅರ್ಧ ಗಂಟೆ ಕಾರಂಜಿಯ ಕಡೆಗೆ ಮುಖ ಮಾಡಿದ ಅದರ ದೀಪಗಳಷ್ಟೇ ಆರಿ, ರಸ್ತೆಯ ಕಡೆಯವು ಉರಿಯುವಂತೆ, ಎರಡಕ್ಕೂ ಒಂದೇ ಟೈಮರ್ ಹಾಕಿಸಬೇಕು.